ಮೂರು ಹೊತ್ತಿನ ಕಳ್ಳು

ಮೊದಲು ಸಿಗುವುದು ಸದ್ದು. ತೋಟದ ಬುಡದಲ್ಲಿ ಕತ್ತಲೆ ಇನ್ನೂ ಕದಲಿಲ್ಲ. ಮೇಲೆ ತೆಂಗಿನ ಗರಿಗಳ ಸಂದಿನಲ್ಲಿ ಮಾತ್ರ ಆಕಾಶ ಬೂದಿ ಬಣ್ಣಕ್ಕೆ ತಿರುಗಿದೆ. ಆ ಎತ್ತರದಿಂದ ಟಕ್, ಟಕ್, ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್. ಮರಕುಟಿಗ ಅಂದುಕೊಳ್ಳಬಹುದು, ಆದರೆ ಮರಕುಟಿಗಕ್ಕೆ ಇಷ್ಟು ತಾಳ್ಮೆಯಿಲ್ಲ. ಮೇಲೆ ಕೂತವರು ಬಿರಿಯದ ಹೊಂಬಾಳೆಯ ಮೈಗೆ ಎಲುಬಿನ ತುಂಡಿನಿಂದ ಬಡಿಯುತ್ತಿದ್ದಾರೆ, ನಿದ್ದೆಗೆಟ್ಟ ಮಗುವಿನ ಬೆನ್ನು ತಟ್ಟುವಂತೆ. "ಜೋರು ಬಡಿದ್ರೆ ಒಳಗಿನ ಹೂ ಜಜ್ಜಿ ಹೋಗ್ತದೆ. ಬಡಿಯದಿದ್ರೆ ಅದು ಕಣ್ಣೇ ಬಿಡುವುದಿಲ್ಲ" ಎಂದು ನಿನ್ನೆ ಸಂಜೆಯೇ ಹೇಳಿದ್ದರು.

ಇದು ಸವಣೂರು. ಪುತ್ತೂರಿನಿಂದ ನರಿಮೊಗರು, ಸರ್ವೆ ದಾಟಿ ಕಾಣಿಯೂರಿಗೆ ಹೋಗುವ ದಾರಿಯ ಊರು. ಪೇಟೆ ಬಿಟ್ಟು ಒಳದಾರಿ ಹಿಡಿದು, ಮುರಕಲ್ಲಿನ ದರೆ ಇಳಿದು, ಅಡಿಕೆ ತೋಟದ ನಡುವಿನ ತೋಡು ದಾಟಿ ಬಂದಿದ್ದೇನೆ. ಮಾರ್ಚ್ ತಿಂಗಳು. ಗುಡ್ಡದ ಕಡೆಯಿಂದ ಗೇರುಹೂವಿನ ಘಾಟು, ಅಂಗಳದ ಕಡೆಯಿಂದ ಒಣಗುತ್ತಿರುವ ಅಡಿಕೆಯ ಒಗರು ವಾಸನೆ. ಎರಡರ ನಡುವೆ ಮೂರನೆಯದೊಂದಿದೆ. ಹಿಂದಿನ ದಿನ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದಾಗ ಮುಖಕ್ಕೆ ಬರುವಂಥದ್ದು. ಅದು ಈ ಮರದ್ದು.

ನಾನು ಇಲ್ಲಿಗೆ ಬರಲು ಕಾರಣ ಒಂದು ಬಿಯರು. ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅಕ್ಕನ ಮಗ ನನ್ನನ್ನು ಒಂದು ಪಬ್ಬಿಗೆ ಕರೆದೊಯ್ದಿದ್ದ. ತಾಮ್ರದ ದೊಡ್ಡ ದೊಡ್ಡ ಹಂಡೆಗಳನ್ನು ಗಾಜಿನ ಹಿಂದೆ ದೇವರ ಹಾಗೆ ಕೂರಿಸಿದ್ದರು. ಬಡಿಸುವ ಹುಡುಗ ಐದು ನಿಮಿಷ ಪ್ರವಚನ ಮಾಡಿದ. ಇದಕ್ಕೆ ಹಾಕಿದ್ದು ಮಾಮೂಲಿ ಯೀಸ್ಟ್ ಅಲ್ಲ ಸರ್, ಕಾಡು ಯೀಸ್ಟ್, ಸ್ವಲ್ಪ ಹುಳಿ ಇರುತ್ತೆ, ಸ್ವಲ್ಪ 'ಫಂಕ್' ಇರುತ್ತೆ, ಎಲ್ಲರಿಗೂ ಹಿಡಿಸಲ್ಲ. ನಾನು ಒಂದು ಗುಟುಕು ಕುಡಿದೆ. ಬಾಯಿಂದ ತನ್ನಿಂತಾನೇ ಬಂತು: "ಇದು ಕಲಿಯಲ್ಲವಾ ಮಾರಾಯ!" ಪಕ್ಕದ ಮೇಜಿನವರು ತಿರುಗಿ ನೋಡಿದರು. ಕಲಿ ಅಂದರೆ ನಮ್ಮ ತುಳುವಿನಲ್ಲಿ ಕಳ್ಳು. "ಮಾವ, ನೀವು ಕಲಿ ಕುಡಿದದ್ದು ಯಾವಾಗ?" ಎಂದು ಹುಡುಗ ಕೇಳಿದ. ಪ್ರಶ್ನೆ ಸರಿಯಾದದ್ದೇ. ಹತ್ತನೆಯ ವಯಸ್ಸಿನಲ್ಲಿ, ಅಜ್ಜನ ಮನೆಯ ಕೆಲಸದವರ ಗೆರಟೆಯಿಂದ, ಕದ್ದು ಅರ್ಧ ಗುಟುಕು. ನಾಲ್ಕು ದಶಕದ ಹಿಂದಿನ ಆ ಅರ್ಧ ಗುಟುಕಿನ ಸಾಕ್ಷ್ಯ ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು.

ಈಗ ಮರದ ಮೇಲಿದ್ದ ಅಣ್ಣ ಇಳಿಯುತ್ತಿದ್ದಾರೆ. ಕಾಂಡಕ್ಕೆ ಮೊಳ ಬಿಟ್ಟು ಮೊಳ ತೆಂಗಿನ ಸಿಪ್ಪೆ ಕಟ್ಟಿ ಮಾಡಿದ ಮೆಟ್ಟಿಲು. ಅರುವತ್ತೆಂಟರ ಕಾಲು ಅದನ್ನು ನೋಡದೆಯೇ ಹುಡುಕಿಕೊಳ್ಳುತ್ತದೆ. ಸೊಂಟದ ಹಿಂದೆ ಅಗಲ ಅಲಗಿನ ಕತ್ತಿ, ಪಕ್ಕದಲ್ಲಿ ತೂಗುವ ಕ್ಯಾನು. ಅವರ ಅಪ್ಪನ ಕಾಲದಲ್ಲಿ ಅಲ್ಲಿ ಒಣಗಿಸಿದ ಸೋರೆ ಬುರುಡೆ ಇತ್ತಂತೆ. ನೆಲ ಮುಟ್ಟಿದ ಮೇಲೆ ಮೊದಲ ಕೆಲಸ ನನ್ನ ಕಡೆ ನೋಡುವುದಲ್ಲ. ತೋಡಿನ ಬದಿಯ ಒಂದು ಕಲ್ಲಿನ ಮೇಲೆ ನಾಲ್ಕು ಹನಿ ಬೀಳುತ್ತದೆ.

"ಅಜ್ಜನಿಗೆ" ಎನ್ನುತ್ತಾರೆ.

ಯಾವ ಅಜ್ಜ ಎಂದು ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಕೊರಗಜ್ಜ. ಆತ ತನಿಯನೆಂಬ ಹುಡುಗನಾಗಿದ್ದಾಗ ಸಾಕಿದವಳು ಕಳ್ಳು ಮಾರುವ ಬೈದೆದಿ ಎಂಬುದು ಐತಿಹ್ಯ. ಕಳೆದುಹೋದ ಬೀಗದ ಕೈಯಿಂದ ಹಿಡಿದು ಕಂಗೆಟ್ಟ ಮದುವೆ ಮಾತುಕತೆಯವರೆಗೆ ಎಲ್ಲದಕ್ಕೂ ಅವನಿಗೆ ಹರಕೆ ಚಕ್ಕುಲಿ, ವೀಳ್ಯ, ಕಳ್ಳು.

ಕ್ಯಾನಿನ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಏಳೆಂಟು ಜೇನು, ಎರಡು ಕಪ್ಪಿರುವೆ, ಒಂದು ಕಂದು ಜೀರುಂಡೆ. ಎಲ್ಲವೂ ತೃಪ್ತಿಯಿಂದ ಸತ್ತಿವೆ. ಬಟ್ಟೆ ಕೊಡವಿ, ಸೋಸಿ, ಸ್ಟೀಲ್ ಲೋಟಕ್ಕೆ ಹೊಯ್ಯುತ್ತಾರೆ. ನೊರೆ ಏರಿ ಅಂಚು ಮುಟ್ಟಿ, ಸಣ್ಣಗೆ ಸುಯ್ಯೆಂದು ಇಳಿಯುತ್ತದೆ. ಗಂಟೆ ಆರೂವರೆ.

"ಪರ್ಲೆ" ಎನ್ನುತ್ತಾರೆ. ಕುಡಿಯಿರಿ.

ಮೊದಲು ತಣ್ಣಗೆ. ಇರುಳೆಲ್ಲ ನಲವತ್ತು ಅಡಿ ಮೇಲೆ ಗಾಳಿಗೆ ತೂಗಿದ ತಂಪು, ಫ್ರಿಜ್ಜಿನದಲ್ಲ. ಆಮೇಲೆ ಸಿಹಿ, ಬೊಂಡದ ನೀರಿಗಿಂತ ದಪ್ಪದ ಸಿಹಿ, ಎಳೆ ಕಬ್ಬಿನ ಹತ್ತಿರದ್ದು. ಅದು ನಾಲಿಗೆಯ ನಡುಭಾಗ ದಾಟುವ ಮೊದಲೇ ಅಂಚುಗಳಲ್ಲಿ ಚುರುಚುರು. ಕೊನೆಗೆ ಮೂಗಿನ ಹಿಂಬದಿಯಲ್ಲಿ ಒಂದು ವಾಸನೆ ಎದ್ದು ನಿಲ್ಲುತ್ತದೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವಾಗ ಬರುವ ಗಂಧಕದ ಎಳೆ, ಅದರ ಹಿಂದೆ ಮಾಗಿದ ಬಾಳೆಹಣ್ಣು. ಹಣ್ಣಿನ ವಾಸನೆ ಯೀಸ್ಟಿನ ಕೆಲಸ. ಮೊಟ್ಟೆಯದ್ದಕ್ಕೆ ಬಹುಶಃ ಜೈಮೋಮೊನಾಸ್ ಎಂಬ ಬ್ಯಾಕ್ಟೀರಿಯಾವೂ ಕೈ ಜೋಡಿಸಿದೆ. ಯೀಸ್ಟಿನಂತೆಯೇ ಸಕ್ಕರೆ ತಿಂದು ಮದ್ಯ ಬಿಡುವ ಈ ಜೀವಿ ಮೆಕ್ಸಿಕೋದ ಕತ್ತಾಳೆ ಕಳ್ಳಿನಲ್ಲೂ ಇದೆ, ನಮ್ಮ ತೆಂಗಿನ ಕಳ್ಳಿನಲ್ಲೂ ಇದೆ.

ಬೆಂಗಳೂರಿನ ಬಿಯರು ಇದೇ ಹೌದಾ? ಇಲ್ಲ. ಇದು ಅದರ ಎಳೆಯ ತಂಗಿ. ಹುಳಿ ಸಾಲದು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ಹತ್ತು ಗಂಟೆಗೆ ನೋಡಿ ಇದನ್ನೇ" ಎಂದು ಅರ್ಧ ಕ್ಯಾನನ್ನು ನೆರಳಿಗೆ ಇಡುತ್ತಾರೆ.

ನಡುವೆ ಒಂದು ಚಿಕ್ಕ ಚಮತ್ಕಾರ ತೋರಿಸುತ್ತಾರೆ. ಪಕ್ಕದ ಮರದಿಂದ ಇಳಿಸಿದ ಮಡಕೆಯ ಒಳಮೈಗೆ ಸುಣ್ಣ ಬಳಿದಿದೆ. ಪಾಯಸಕ್ಕೆ ಬೆಲ್ಲ ಬೇಕೆಂದು ಅವರ ಮನೆಯಾಕೆ, ಅಕ್ಕ, ಹೇಳಿದ್ದಾರಂತೆ. ತಾಳೆಮರದ ರಸದಿಂದ ಮಾಡುವ ಓಲೆಬೆಲ್ಲದ ದಾರಿಯೇ ಇದಕ್ಕೂ. ಅದರ ರಸವನ್ನು ಇನ್ನೊಂದು ಲೋಟಕ್ಕೆ ಹೊಯ್ದು ಎರಡನ್ನೂ ಬೆಳಕಿಗೆ ಹಿಡಿಯುತ್ತಾರೆ. ಸುಣ್ಣದ ಮಡಕೆಯದ್ದು ತಿಳಿ, ಆಚೆ ಬದಿಯ ಬೆರಳು ಕಾಣುತ್ತದೆ. ಇನ್ನೊಂದು ಅಕ್ಕಿ ತೊಳೆದ ನೀರಿನ ಹಾಗೆ ಬಿಳಿ.

ಮರದಿಂದ ಇಳಿಯುವ ರಸಕ್ಕೆ ಆ ಬಿಳುಪು ಇಲ್ಲ. ಅದು ನೂರಕ್ಕೆ ಹದಿಮೂರು ಹದಿನಾರು ಪಾಲು ಸಕ್ಕರೆಯಿರುವ ತಿಳಿನೀರು. ಬಿಳುಪು ಆಮೇಲೆ ಬರುವುದು, ಅದು ಜೀವಿಗಳದ್ದು. ಕೋಟಿಗಟ್ಟಲೆ ಯೀಸ್ಟ್, ಬ್ಯಾಕ್ಟೀರಿಯಾ ರಸದಲ್ಲಿ ತೇಲುತ್ತಿರುವುದರಿಂದ ಬೆಳಕು ಆಚೆ ದಾಟುವುದಿಲ್ಲ. ಸುಣ್ಣದ ಕ್ಷಾರದಲ್ಲಿ ಅವು ಕೆಲಸ ಮಾಡುವುದಿಲ್ಲ, ಹಾಗಾಗಿ ಆ ಲೋಟ ತಿಳಿಯಾಗಿದೆ, ಬರೀ ಸಿಹಿಯಾಗಿದೆ. ಅಂಗಡಿಯ ಬಿಯರಿನಲ್ಲಿ ಯೀಸ್ಟ್ ದುಡಿದು ಮುಗಿಸಿ ತಳಕ್ಕೆ ಕೂತ ಮೇಲೆ ಅದನ್ನು ಸೋಸಿ ಹೊರಗೆ ಹಾಕುತ್ತಾರೆ, ನಾವು ಕುಡಿಯುವುದು ಅದು ಬಿಟ್ಟುಹೋದದ್ದನ್ನು. ಇಲ್ಲಿ ಕುಡಿಯುವುದು ಯೀಸ್ಟನ್ನೇ, ಅದು ಇನ್ನೂ ಉಣ್ಣುತ್ತಾ ಕೂತಿರುವಾಗ.

ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯದವರು ಇದೇ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸಿ 'ಕಲ್ಪರಸ' ಎಂದು ಹೆಸರಿಟ್ಟಿದ್ದಾರೆ. ಸುಣ್ಣ ಮಾಡುವ ಕೆಲಸವನ್ನು ಅಲ್ಲಿ ಚಳಿ ಮಾಡುತ್ತದೆ. ಆ ಸಂಸ್ಥೆಯದ್ದೇ ತೆಂಗಿನ ತೋಟವೊಂದು ಇಲ್ಲಿಗೆ ದೂರವಲ್ಲದ ಕಿದುವಿನಲ್ಲಿದೆ. ಒಳ್ಳೆಯ ಪಾನೀಯವೇ, ಮಕ್ಕಳಿಗೂ ಕೊಡಬಹುದು. ಆದರೆ ನನ್ನ ನಾಲಿಗೆಗೆ ಅದು ಶ್ರುತಿ ಹಿಡಿದು ಹಾಡು ಶುರುಮಾಡದ ಭಾಗವತರ ಹಾಗೆ.

"ಯೀಸ್ಟ್ ಎಲ್ಲಿಂದ ಬರ್ತದೆ ಅಣ್ಣ? ನೀವು ಏನಾದ್ರೂ ಹಾಕ್ತೀರಾ?"

"ಎಂತ ಹಾಕುವುದು? ಅದು ಉಂಟಲ್ಲ."

"ಎಲ್ಲಿ ಉಂಟು?"

ಅವರು ಮಡಕೆಯೊಂದನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. ಖಾಲಿ ಮಡಕೆ. ಆದರೂ ತಲೆ ಹಿಂದಕ್ಕೆ ಹೋಗುವಷ್ಟು ಘಾಟು. ದಿನಾ ನೀರಲ್ಲಿ ಗಲಬರಿಸುತ್ತಾರೆ, ಅಷ್ಟೇ. ಸಾಬೂನು ತೋರಿಸುವುದಿಲ್ಲ. ಹೊಸ ಮಡಕೆ ತಂದರೆ ಹಳೆ ಕಳ್ಳು ಹೊಯ್ದು ಒಂದೆರಡು ದಿನ ಇಟ್ಟು ಆಮೇಲೆ ಮರಕ್ಕೆ ಏರಿಸುತ್ತಾರೆ. "ಹೊಸ ಮಡಕೆಗೆ ಕೆಲಸ ಗೊತ್ತಿರುವುದಿಲ್ಲ, ಕಲಿಸ್ಬೇಕು." ಪ್ಲಾಸ್ಟಿಕ್ ಕ್ಯಾನಿಗೆ ಎಷ್ಟು ಕಲಿಸಿದರೂ ಬರುವುದಿಲ್ಲವಂತೆ. ಇಳಿಸಲು ಮಾತ್ರ ಅದು, ಒಡೆಯುವುದಿಲ್ಲ ನೋಡಿ. ಮೇಲೆ ಕಟ್ಟಲು ಮಣ್ಣಿನದ್ದೇ ಬೇಕು.

ಹೀಗೆಯೇ ನಾರ್ವೆಯ ಹಳ್ಳಿಮನೆಗಳಲ್ಲಿ ಕ್ವೈಕ್ ಎಂಬ ಯೀಸ್ಟನ್ನು ಮರದ ಕೆತ್ತನೆಯ ಬಳೆಗಳ ಮೇಲೆ ಒಣಗಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಿದ್ದರು. ಬ್ರಸೆಲ್ಸ್ ಬಳಿಯ ಸೆನ್ ನದಿಯ ಕಣಿವೆಯಲ್ಲಿ ಲ್ಯಾಂಬಿಕ್ ಎಂಬ ಬಿಯರು ಮಾಡುವವರು ಕುದಿಸಿದ ರಸವನ್ನು ಅಗಲ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಗಾಳಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಹಳೆಯ ಮರದ ಪೀಪಾಯಿ. ಅಲ್ಲಿ ಜೇಡನ ಬಲೆ ತೆಗೆದರೂ ಮಾಡುವವರಿಗೆ ಕಸಿವಿಸಿಯಂತೆ. ಈ ಮುದುಕರ ಬಳಿಗೆ ಆ ಬ್ರಸೆಲ್ಸಿನವರನ್ನು ಕರೆತಂದು ಕೂರಿಸಿದರೆ, ಭಾಷೆ ಬಾರದಿದ್ದರೂ ಮಡಕೆ ಮೂಸಿಯೇ ಮಾತು ಮುಂದುವರಿಯುತ್ತಿತ್ತು. ಉಳಿದ ಜಗತ್ತು ಬೇರೆ ದಾರಿ ಹಿಡಿಯಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕಣದಿಂದ ಇಡೀ ಸಂತಾನ ಬೆಳೆಸುವುದನ್ನು ಸಾಧಿಸಿದ. ಅಲ್ಲಿಂದ ಬಿಯರಿಗೆ ಒಂದು ಕುಲ, ಒಂದು ಗೋತ್ರ. ಇವತ್ತಿನ ಬಾಟಲಿ ನಾಳೆಯ ಬಾಟಲಿಯ ಹಾಗೆಯೇ ಇರಬೇಕೆಂಬ ಹಟ. ಹೊರಗಿನವೆಲ್ಲ 'ಕಾಡು' ಯೀಸ್ಟುಗಳಾದವು. ಅದೇ ಕಾರ್ಲ್ಸ್‌ಬರ್ಗಿನ ಕ್ಲಾಸೆನ್ 1904ರಲ್ಲಿ ಇಂಗ್ಲೆಂಡಿನ ಹಳೆಯ ಬಿಯರುಗಳ ರುಚಿಗೆ ಕಾರಣವಾದ ಒಂದು ಕಾಡಿನವನನ್ನು ಹಿಡಿದು ಬ್ರೆಟ್ಟನೊಮೈಸಿಸ್ ಎಂದು ಹೆಸರಿಟ್ಟ. ಅದರ ವಾಸನೆಯನ್ನು ಬಲ್ಲವರು ಕುದುರೆಗೆ ಹೊದಿಸಿದ ಕಂಬಳಿಗೆ ಹೋಲಿಸುತ್ತಾರೆ. ಕುದುರೆಯ ಕಂಬಳಿ ಮೂಸಿದವರು ಸವಣೂರಿನಲ್ಲಿ ಯಾರಿದ್ದಾರೆ? ನಮಗೆ ಹಟ್ಟಿಯ ಗೋಣಿ ಸಾಕು.

ಆ ಬಾಟಲಿ ಬಿಯರಿನ ದಾರಿಯಲ್ಲಿ ನಮ್ಮವರೂ ನಡೆದರು. ನಮ್ಮ ನೆರೆಯ ಬಂಟ್ವಾಳದ ಮೂಲದ ವಿಟ್ಠಲ ಮಲ್ಯರು 1947ರಲ್ಲಿ ಬಿಯರು ಕಂಪನಿ ಯುನೈಟೆಡ್ ಬ್ರೂವರೀಸಿನ ಮೊದಲ ಭಾರತೀಯ ನಿರ್ದೇಶಕರಾದರು. ಅದರ ಮರುವರ್ಷದ ಹೊತ್ತಿಗೆ ಅವರ ತವರು ಜಿಲ್ಲೆ ಸೇರಿದ್ದ ಮದ್ರಾಸ್ ಪ್ರಾಂತ್ಯದುದ್ದಕ್ಕೂ ಪಾನನಿಷೇಧ. ಬೆಂಗಳೂರಿನಲ್ಲಿ ಬಿಯರು ಕುದಿಯುತ್ತಿದ್ದಾಗ ಇಲ್ಲಿ ಕಳ್ಳು ಕಳ್ಳತನವಾಯಿತು. "ಅಪ್ಪ ಕಾಯಿ ಕೀಳ್ಲಿಕ್ಕೆ ಅಂತ ಮರ ಹತ್ತುತ್ತಿದ್ರು. ಆ ಕಾಲದಲ್ಲಿ ಈ ಊರಲ್ಲಿ ಕತ್ತಲಾದ ಮೇಲೆಯೇ ತೆಂಗಿನಕಾಯಿ ಬಲಿಯುತ್ತಿದ್ದದ್ದು" ಎಂದು ಅಣ್ಣ ನಗುತ್ತಾರೆ. ಆಮೇಲೆ ಕಾನೂನು ಹಲವು ಸಲ ಮಗ್ಗುಲು ಬದಲಿಸಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಹಲವು ಜಿಲ್ಲೆಗಳಲ್ಲಿ ಕಳ್ಳೂ ಹೋಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮಾತ್ರ ಮೂರ್ತೆದಾರರ ಸಹಕಾರಿ ಸಂಘಗಳ ಆಸರೆಯಲ್ಲಿ ಮರ ಹತ್ತುವುದು ಉಳಿದುಕೊಂಡಿತು. ಮೂರ್ತೆ ಅಂದರೆ ಈ ಕಸುಬೇ, ಹೊಂಬಾಳೆ ಕಟ್ಟಿ, ಬಡಿದು, ತುದಿ ಕೊಯ್ದು, ರಸ ಇಳಿಸುವುದು.

ಹತ್ತು ಗಂಟೆ. ಅಕ್ಕ ಸುಟ್ಟ ಒಣಮೀನಿಗೆ ಕಾಯಿ, ಹುಣಸೆ, ಗಾಂಧಾರಿ ಮೆಣಸು ಸೇರಿಸಿ ಜಜ್ಜಿ ಎಲೆಯ ತುಂಡಿನಲ್ಲಿ ತಂದಿಟ್ಟಿದ್ದಾರೆ. ಜಗಲಿಯ ಗೋಡೆಯಲ್ಲಿ ನಾರಾಯಣ ಗುರುಗಳ ಪಟ, ಅದಕ್ಕೆ ಇವತ್ತಿನ ದಾಸವಾಳ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿ, ಗುಡಿಯ ಹೊರಗೆ ನಿಂತವರಿಗೆ ತಮ್ಮದೇ ಗುಡಿ ಕೊಟ್ಟವರು. ಮದ್ಯ ವಿಷ, ಅದನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದವರೂ ಅವರೇ. ನನ್ನ ಕಣ್ಣು ಪಟಕ್ಕೂ ಲೋಟಕ್ಕೂ ಹೋಗಿಬರುವುದನ್ನು ಅಣ್ಣ ಹಿಡಿದರು.

"ಮೂರು ಹೇಳಿದ್ದಾರೆ ಗುರುಗಳು. ನಾನು ಒಂದು ಪಾಲಿಸ್ತೇನೆ."

ನಿಜ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಅವರು ಕುಡಿಯುವುದಿಲ್ಲ. ನಾಲಿಗೆ ತುದಿಗೆ ತಾಗಿಸಿ, ಹದ ನೋಡಿ, ದಾಸವಾಳದ ಬುಡಕ್ಕೆ ಉಗಿಯುತ್ತಾರೆ. ಐವತ್ತು ವರ್ಷ ಕಳ್ಳು ಇಳಿಸಿದ ಮನುಷ್ಯನಿಗೆ ಅದರ ಅಮಲು ಹೇಗಿರುತ್ತದೆಂದು ಗೊತ್ತಿಲ್ಲ.

ನೆರಳಿನ ಕ್ಯಾನು ಈಗ ಸುಮ್ಮನಿಲ್ಲ. ಕಿವಿ ಹತ್ತಿರ ತಂದರೆ ದೂರದಲ್ಲಿ ಯಾರೋ ಒಗ್ಗರಣೆ ಹಾಕಿದ ಸದ್ದು. ಲೋಟಕ್ಕೆ ಹೊಯ್ದಾಗ ನೊರೆ ಇಳಿಯುವುದಿಲ್ಲ, ಟೋಪಿ ಹಾಕಿಕೊಂಡು ಕೂತುಬಿಡುತ್ತದೆ. ಮೊದಲ ಗುಟುಕಿನಲ್ಲೇ ಗೊತ್ತಾಯಿತು, ಇದೇ ಅದು. ಸಿಹಿ ಹಿಂದಿನ ಸಾಲಿಗೆ ಹೋಗಿದೆ. ಮುಂದೆ ಹುಳಿ, ಬಿಂಬುಳಿಯಂತೆ ಹಲ್ಲು ಜುಮ್ಮೆನಿಸುವುದಲ್ಲ, ಎರಡು ದಿನದ ಮಜ್ಜಿಗೆಯಂತೆ ದುಂಡನೆಯ ಹುಳಿ. ನಾಲಿಗೆಯ ಮೇಲೆ ನಸು ಲೋಳೆ ಇದೆ. ಅದೂ ಒಂದು ಜಾತಿಯ ಬ್ಯಾಕ್ಟೀರಿಯಾ ಸಕ್ಕರೆಯಿಂದ ನೇಯುವ ದಾರವೇ. ಗಂಟಲು ದಾಟಿದ ಮೇಲೆ ಎದೆಯಲ್ಲಿ ಸಣ್ಣ ಬೆಚ್ಚಗೆ. ಮದ್ಯಾಂಶ ಈ ಹೊತ್ತಿಗೆ ಹೆಚ್ಚುಕಡಿಮೆ ಬಿಯರಿನಷ್ಟೇ, ನೂರಕ್ಕೆ ನಾಲ್ಕೈದು. ಒಣಮೀನು ನಂಜಿಕೊಂಡು ಮತ್ತೊಂದು ಗುಟುಕು ಎಳೆಯುತ್ತೇನೆ. ಗಾಂಧಾರಿಯ ಉರಿಯನ್ನು ನೊರೆ ಎತ್ತಿಕೊಂಡು ತಲೆಯ ಮೇಲೆ ಕೂರಿಸುತ್ತದೆ, ಹುಳಿ ಬಂದು ಅದನ್ನು ಇಳಿಸುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಹುರಿದ ಕಡಲೆ ಕೊಟ್ಟಿದ್ದರು. ಪಾಪ.

ಪಬ್ಬಿನ ಬಿಯರಿನ ಮೇಲೆ ನನಗೇನೂ ಸಿಟ್ಟಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಲ್ಲಿ ನೆನೆಸಿ, ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಕುದಿಸಿ, ಆರಿಸಿ, ಆಮೇಲೆ ಹುಡುಕಿ ತಂದ ಯೀಸ್ಟನ್ನು ಒಳಗೆ ಬಿಟ್ಟು ಕಾಯುತ್ತಾರೆ. ದೊಡ್ಡ ಕೆಲಸವೇ. ಆದರೆ ಅಷ್ಟೆಲ್ಲ ಮಾಡಿ ಆ ಹುಡುಗರು ತಲುಪಲು ಹೆಣಗಿದ ಜಾಗ ಈ ಜಗಲಿ. ಅವರ ಬಿಯರಿಗೆ ಇದಕ್ಕಿಲ್ಲದ ಒಂದು ಅನುಕೂಲ ಮಾತ್ರ ಇದೆ, ನಾಳೆಯೂ ಅದು ಅದೇ ಆಗಿರುತ್ತದೆ. ಕಳ್ಳಿಗೆ ಬ್ರ್ಯಾಂಡ್ ಇಲ್ಲ, ಹೊತ್ತು ಇದೆ. ಮಾರಲು ಕಷ್ಟ, ಸಾಗಿಸಲು ಇನ್ನೂ ಕಷ್ಟ. ಮುಚ್ಚಳ ಬಿಗಿ ಮಾಡಿದರೆ ಬಾಟಲಿ ಸಿಡಿಯುತ್ತದೆ, ಸಡಿಲ ಬಿಟ್ಟರೆ ಹುಳಿಯುತ್ತದೆ. ಕಾರಂತರ 'ಚೋಮನ ದುಡಿ'ಯ ಚೋಮ ಗಡಂಗಿಗೆ ನಡೆದೇ ಹೋಗುತ್ತಾನೆ. ಕಳ್ಳು ಬಂದು ಮನೆಯ ಬಾಗಿಲು ತಟ್ಟುವ ಪದಾರ್ಥವಲ್ಲ.

ಹನ್ನೊಂದರ ಹೊತ್ತಿಗೆ ಗುಡ್ಡದಾಚೆಯ ಮನೆಯ ಬಾಯಮ್ಮ ಖಾಲಿ ಬಾಟಲಿ ಹಿಡಿದು ಬಂದರು. ನಾಳೆ ಮನೆಯಲ್ಲಿ ಮೊಮ್ಮಗುವಿನ ಜ್ಞಾನಸ್ನಾನದ ಊಟ, ಕಳ್ಳಿನಲ್ಲಿ ಉಬ್ಬಿಸಿದ ಸನ್ನ ಮಾಡಬೇಕು. ಅಣ್ಣ ಹತ್ತು ಗಂಟೆಯದ್ದನ್ನು ಕೊಡಹೋದರೆ ಬೇಡವೆಂದರು. ಬರೀ ಹೊಸತೂ ಬೇಡ, ಅದಕ್ಕೆ ಶಕ್ತಿ ಸಾಲದು. ಈಗ ಇಳಿಸಿದ್ದಕ್ಕೆ ಹಳೆಯದ್ದು ಸ್ವಲ್ಪ ಬೆರೆಸಿ ಕೊಡಿ ಎಂದು ನಿಂತೇ ಲೆಕ್ಕ ಹೇಳಿದರು. ಪಬ್ಬಿನ ಹುಡುಗನ ಐದು ನಿಮಿಷದ ಪ್ರವಚನದಲ್ಲಿ ಇಷ್ಟು ವಿಷಯ ಇರಲಿಲ್ಲ.

"ಪೇಟೆಯಲ್ಲಿ ಯೀಸ್ಟ್ ಪುಡಿ ಸಿಗ್ತದಲ್ಲ ಬಾಯಮ್ಮ?"

"ಸಿಗ್ತದೆ. ಉಬ್ಬುತ್ತದೆ. ಸನ್ನ ಆಗುವುದಿಲ್ಲ. ರಾತ್ರಿ ಬನ್ನಿ, ನೋಡಿ."

ನಾಲ್ಕು ಗಂಟೆಯ ಮೂರನೆಯ ಲೋಟದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬಿಸಿಲಿಗೆ ಬಿದ್ದ ಕ್ಯಾನು ಉರಿಯ ಕಡೆ ವಾಲಿದೆ. ಯೀಸ್ಟ್ ಬಿಟ್ಟ ಮದ್ಯವನ್ನು ಇನ್ನೊಂದು ಬಳಗ ಹಿಡಿದು ವಿನೆಗರ್ ಮಾಡಲು ಹೊರಟಿದೆ. ಎರಡನೆಯ ಗುಟುಕಿಗೆ ಮುಖ ಕಿವುಚಿತು. ಇದನ್ನು ಇಷ್ಟಪಡುವವರೂ ಇದ್ದಾರಂತೆ, ದಿನವಿಡೀ ಗದ್ದೆಯಲ್ಲಿ ಬಗ್ಗಿ ದುಡಿದು ಬಂದವರು. ನಾನು ದುಡಿದಿರಲಿಲ್ಲ. ಅಕ್ಕ ಅದನ್ನು ಜಾಡಿಗೆ ಸುರಿದು ಮುಚ್ಚಿಟ್ಟರು, ಮೀನಿನ ಉಪ್ಪಿನಕಾಯಿಗೆ ಆಗುತ್ತದಂತೆ.

ಅಣ್ಣ ಮತ್ತೆ ಮರಕ್ಕೆ. ಹೊಂಬಾಳೆಯ ತುದಿಯಿಂದ ಕಾಗದದಷ್ಟು ತೆಳುವಾದ ಒಂದು ಬಿಲ್ಲೆ ಕೊಯ್ದು ಬೀಳಿಸುತ್ತಾರೆ. ಅದು ತಿರುಗುತ್ತಾ ಬಂದು ನನ್ನ ಚಪ್ಪಲಿಯ ಪಕ್ಕ ಬೀಳುತ್ತದೆ, ಹಾಲುಬಿಳಿ, ಒದ್ದೆ. ಒಂದು ಹೊಂಬಾಳೆ ಹೀಗೆ ದಿನಾ ಸವೆಯುತ್ತಾ ತಿಂಗಳು ದಾಟುತ್ತದೆ. ಬೈನೆಯಾದರೆ ಲೆಕ್ಕ ಬೇರೆ. ಈಂದಿನ ಮರ ಎನ್ನುತ್ತಾರೆ ಇಲ್ಲಿ. ಅದು ಬದುಕಿನ ಕೊನೆಗಾಲದಲ್ಲಿ ನೆತ್ತಿಯಿಂದ ಕೆಳಕ್ಕೆ ಒಂದೊಂದೇ ಗೊನೆ ಹೂ ಬಿಡುತ್ತಾ, ತೆಂಗಿಗಿಂತ ಎಷ್ಟೋ ಪಾಲು ಹೆಚ್ಚು ಕಳ್ಳು ಸುರಿಸಿ ಸಾಯುತ್ತದೆ. "ಅದನ್ನು ನಾನು ಬಿಟ್ಟು ಹತ್ತು ವರ್ಷ ಆಯ್ತು. ಮರ ಉಂಟು. ಮಂಡಿ ಇಲ್ಲ."

"ಮತ್ತೆ ಈ ಮಡಕೆಗಳು?" ಎಂದು ಕೆಳಗಿನಿಂದ ಕೂಗಿ ಕೇಳಿದೆ. ಮೇಲಿನಿಂದ ಉತ್ತರ ಬರಲಿಲ್ಲ, ಟಕ್ ಟಕ್ ಶುರುವಾಯಿತು.

ರಾತ್ರಿ ಟಾರ್ಚು ಹಿಡಿದು ಗುಡ್ಡ ಹತ್ತಿದೆ. ಬಾಯಮ್ಮನ ಅಡುಗೆಮನೆಯಲ್ಲಿ ಒಲೆಯ ಪಕ್ಕ, ಬೆಚ್ಚಗಿನ ಮೂಲೆಯಲ್ಲಿ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಮೇಲೆ ತಟ್ಟೆ. ಅಕ್ಕಿ, ಉದ್ದು ರುಬ್ಬಿ ಕಳ್ಳು ಬೆರೆಸಿ ಮಧ್ಯಾಹ್ನ ಇಟ್ಟಾಗ ಹಿಟ್ಟು ಪಾತ್ರೆಯ ಅರ್ಧಕ್ಕೆ ಇತ್ತಂತೆ. ಈಗ ತಟ್ಟೆ ಒಂದು ಬದಿಗೆ ವಾಲಿದೆ. ನಾವು ನೋಡುತ್ತಾ ನಿಂತಂತೆ ಅದು ಇನ್ನೂ ಒಂದು ಕೂದಲಿನಷ್ಟು ಏರಿ, ಅಂಚಿನಿಂದ ಬಿಳಿ ಹಿಟ್ಟಿನ ನಾಲಗೆಯೊಂದು ಮೆಲ್ಲಗೆ ಹೊರಗೆ ಇಣುಕಿತು.

"ನಾಳೆ ಬೆಳಿಗ್ಗೆಗೆ ಅಂತ ಮಾಡಿದ್ದು, ಇದು ಕಾಯುವುದಿಲ್ಲ" ಎಂದು ಬಾಯಮ್ಮ ಸೊಸೆಯನ್ನು ಕೂಗಿದರು. "ಹಬೆಗೆ ತೊಂದೂರು ಇಡು ಮಗಾ, ಈಗಲೇ."